ಕಂಪ್ಯೂಟರ್ ಸೈನ್ಸೋ, ಡೇಟಾ ಸೈನ್ಸೋ? ಸ್ನಾತಕೋತ್ತರ ಪದವಿಯ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮೂರು ವರ್ಷದಿಂದ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಈಗ ಸ್ನಾತಕೋತ್ತರ ಪದವಿ ಮಾಡುವ ಆಸೆ. ಕಂಪ್ಯೂಟರ್ ಸೈನ್ಸ್, ಡೇಟಾ ಸೈನ್ಸ್, ಕೃತಕ ಬುದ್ಧಿಮತ್ತೆ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಹೆಸರುಗಳ ನಡುವೆ ದಿಕ್ಕು ತೋಚುತ್ತಿಲ್ಲ.

ಉತ್ತರ: ಹೆಸರನ್ನು ಸದ್ಯಕ್ಕೆ ಮರೆತುಬಿಡಿ. ಪ್ರವೇಶ ಸಮಿತಿಯಲ್ಲಿ ವರ್ಷಗಟ್ಟಲೆ ಕುಳಿತವಳು ನಾನು. ಒಂದೇ ಹೆಸರಿನ ಎರಡು ಪದವಿಗಳ ನಡುವೆ ಅಜಗಜಾಂತರ ಕಂಡಿದ್ದೇನೆ. ವಿಷಯಗಳ ಪಟ್ಟಿ ತೆರೆಯಿರಿ. ಪ್ರತಿ ವಿಷಯದ ಕೆಳಗೆ, ಇದನ್ನು ತೆಗೆದುಕೊಳ್ಳಲು ಮೊದಲೇ ಏನು ಗೊತ್ತಿರಬೇಕು ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಮಷೀನ್ ಲರ್ನಿಂಗ್ (ದತ್ತಾಂಶದಿಂದ ತಾವೇ ಕಲಿಯುವ ಪ್ರೋಗ್ರಾಂಗಳ ವಿಷಯ) ಕೆಳಗೆ ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ ಎಂದಿದ್ದರೆ, ಅಲ್ಲಿ ಕಾಗದ, ಪೆನ್ನು ಹಿಡಿದು ಸೂತ್ರ ಸಾಧಿಸಬೇಕಾಗುತ್ತದೆ. ಸಾಲು ಖಾಲಿ ಇದ್ದರೆ, ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಲೈಬ್ರರಿಯನ್ನು ಬಳಸಲು ಕಲಿಸಿ ಕಳುಹಿಸುವ ಸಂಭವವೇ ಹೆಚ್ಚು. ಅದನ್ನು ನೀವು ಬಿಡುವಿನ ವೇಳೆಯಲ್ಲೇ ಕಲಿಯಬಲ್ಲಿರಿ.

ಉಳಿದದ್ದು ಸ್ಥೂಲವಾಗಿ: ಕಂಪ್ಯೂಟರ್ ಸೈನ್ಸ್ ಎಂದರೆ ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ, ಸಿದ್ಧಾಂತ. ಡೇಟಾ ಸೈನ್ಸಿನ ಅರ್ಧದಷ್ಟು ಸಂಖ್ಯಾಶಾಸ್ತ್ರ. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ವಿನ್ಯಾಸ, ಪರೀಕ್ಷೆ, ನಿರ್ವಹಣೆ. ಇವುಗಳಲ್ಲಿ ಸಾಕಷ್ಟನ್ನು ನೌಕರಿಯೇ ನಿಮಗೆ ಕಲಿಸಿರಬೇಕು.

ಪ್ರಶ್ನೆ: ಬೇರೆ ಶಾಖೆಯವನೆಂದು ಅರ್ಜಿಯನ್ನು ಬದಿಗಿಡುವುದಿಲ್ಲವೇ?

ಉತ್ತರ: ಕೇಂಬ್ರಿಜ್ ವಿಶ್ವವಿದ್ಯಾಲಯ 1953ರಲ್ಲಿ ಆರಂಭಿಸಿದ ಕಂಪ್ಯೂಟರ್ ಡಿಪ್ಲೊಮಾ ಪದವಿಯ ನಂತರದ ಒಂದು ವರ್ಷದ ಓದು. ಸೇರಿದವರೆಲ್ಲ ಬೇರೆ ಶಾಖೆಯವರೇ, ಆಗ ಕಂಪ್ಯೂಟರ್ ಸೈನ್ಸ್ ಪದವೀಧರರು ಎಲ್ಲಿದ್ದರು! ಇಂದಿಗೂ ಬೇರೆ ಶಾಖೆಯವರಿಗೆಂದೇ ರೂಪಿಸಿದ ಪದವಿಗಳಿವೆ. ಉಳಿದ ಕಡೆ ಡಿಸ್ಕ್ರೀಟ್ ಗಣಿತ (ತರ್ಕ, ಎಣಿಕೆಯಂಥವು), ಡೇಟಾ ಸ್ಟ್ರಕ್ಚರ್ (ದತ್ತಾಂಶ ಜೋಡಿಸಿಡುವ ವಿಧಾನಗಳು) ಓದಿರುವುದಕ್ಕೆ ಪುರಾವೆ ಕೇಳುತ್ತಾರೆ.

ಇನ್ನು ಉದ್ದೇಶ ಪತ್ರ, ಅಂದರೆ ಈ ಪದವಿ ಏಕೆ ಬೇಕೆಂದು ಅರ್ಜಿಯ ಜೊತೆ ಬರೆಯುವ ಪತ್ರ. ‘ಬಾಲ್ಯದಿಂದಲೂ ನನಗೆ ಕಂಪ್ಯೂಟರ್ ಎಂದರೆ ಪ್ರೀತಿ’ ಎಂಬ ಸಾಲನ್ನು ಓದಿ ಓದಿ ನನಗೆ ಸಾಕಾಗಿದೆ. ಒಬ್ಬ ಅಭ್ಯರ್ಥಿ ಅರ್ಧ ಪುಟ ಬರೆದದ್ದು ಇಷ್ಟೇ: ತನ್ನ ಪ್ರೋಗ್ರಾಂ ರಾತ್ರಿಯಿಡೀ ಓಡುತ್ತಿತ್ತು, ಲೂಪಿನ ಒಳಗೆ ಪ್ರತಿ ಸಲವೂ ಇಡೀ ಪಟ್ಟಿಯನ್ನು ಹುಡುಕುತ್ತಿರುವುದು ಕಂಡಿತು, ಬೇಕಾದ್ದನ್ನು ಬಹುತೇಕ ನೇರವಾಗಿ ತಲುಪಿಸುವ ಹ್ಯಾಶ್ ಟೇಬಲ್ ಹಾಕಿದ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯಿತು, ಏಕೆಂದು ತಿಳಿಯಬೇಕಿದೆ. ಸಮಿತಿಯಲ್ಲಿ ಚರ್ಚೆಯೇ ಆಗಲಿಲ್ಲ, ಸೀಟು ಕೊಟ್ಟೆವು.

ಪ್ರಶ್ನೆ (ಈ ಪ್ರಶ್ನೋತ್ತರ ಗುಂಪಿನ ಇನ್ನೊಬ್ಬ ಸದಸ್ಯೆ): ಒಂದು ವರ್ಷದ ಪದವಿಯೂ ಎರಡು ವರ್ಷದ್ದೂ ಒಂದೇ ತೂಕವೇ? ಸಂಶೋಧನಾ ಪ್ರಬಂಧ ಬೇಕೇ ಬೇಕೆ?

ಉತ್ತರ: ಕ್ರೆಡಿಟ್ ಸಂಖ್ಯೆ ನೋಡಿ ಮೋಸಹೋಗಬೇಡಿ. ಬ್ರಿಟನ್ನಿನ ಒಂದು ವರ್ಷದ ಪದವಿಗೆ 180 ಕ್ರೆಡಿಟ್, ಯುರೋಪಿನ ಎರಡು ವರ್ಷದ್ದಕ್ಕೆ 120. ಆದರೆ ಬ್ರಿಟನ್ನಿನ ಕ್ರೆಡಿಟ್ ಎಂದರೆ 10 ಗಂಟೆಯ ಓದು, ಯುರೋಪಿನದು 25ರಿಂದ 30 ಗಂಟೆ. ಗುಣಿಸಿ ನೋಡಿ: 1,800 ಗಂಟೆಯ ಎದುರು ಕನಿಷ್ಠ 3,000. ಪಿಎಚ್‌.ಡಿ. ಯೋಚನೆ ಇದ್ದರೆ ಪ್ರಬಂಧ ಇರುವುದನ್ನೇ ಆರಿಸಿ. ಕೆಲಸ ಬದಲಿಸುವುದಷ್ಟೇ ಗುರಿಯಾದರೆ ಅದಿಲ್ಲದೆಯೂ ನಡೆಯುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನಾನು ಮೆಚ್ಚಿಕೊಂಡಿದ್ದ ಪದವಿಯ ಪಟ್ಟಿ ನೋಡಿದೆ. ಹತ್ತು ವಿಷಯಗಳಲ್ಲಿ ಏಳರ ಕೆಳಗೆ ಆ ಸಾಲು ಖಾಲಿ.

ಉತ್ತರ: ಉಳಿದ ಮೂರು ಯಾವುವು? ಇಲ್ಲಿ ಬರೆಯಿರಿ, ನೋಡೋಣ.