ಚಿಕ್ಕಮ್ಮ, ಐದು ಕೆಜಿ ಅವಲಕ್ಕಿ ಬೇಡ

ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗ ನೋಡಿದೆ. ಮಾರ್ಚ್‌ನಲ್ಲಿ ಇಟಲಿಗೆ ಬಂದು ಜೆನೋವಾ, ಫ್ಲಾರೆನ್ಸ್, ರೋಮ್, ನೇಪಲ್ಸ್ ಸುತ್ತುತ್ತೀರಿ, ಪಿಜ್ಜಾ ಬಿಟ್ಟು ನಮಗೆ ತಿನ್ನೋಕೆ ಏನಾದರೂ ಸಿಗುತ್ತಾ, ಇಲ್ಲಾ ಐದು ಕೆಜಿ ಅವಲಕ್ಕಿ ಕಟ್ಟಿಕೊಂಡು ಬರಲಾ ಅಂತ ಕೇಳಿದ್ದೀರಿ. ಟೈಪ್ ಮಾಡಿದರೆ ಮುಗಿಯೋದಿಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಸೊಪ್ಪು ಬಿಡಿಸುತ್ತಾ ಕೇಳಿ.

ಇಲ್ಲಿ ಊರಿಗೊಂದು ಅಡುಗೆ. ಜೆನೋವಾದ ತಿಂಡಿಯನ್ನು ರೋಮ್‌ನಲ್ಲಿ ಹುಡುಕಬೇಡಿ, ಸಿಕ್ಕಿದರೂ ರುಚಿ ಇರೋದಿಲ್ಲ. ಇನ್ನೊಂದು, ದೊಡ್ಡ ಹೆಸರಿನ ಐಟಂಗಳಲ್ಲೇ ಸಸ್ಯಾಹಾರಿಗಳಿಗೆ ಮೋಸ ಜಾಸ್ತಿ. ಹಿಂದೆ ಬಡವರು ಮಾಡಿಕೊಂಡು ತಿನ್ನುತ್ತಿದ್ದದ್ದು ನಮಗೆ ಸರಿಹೋಗುತ್ತದೆ. ಕಡಲೆ, ಬೀನ್ಸ್, ಸೊಪ್ಪು, ಒಣಗಿದ ಬ್ರೆಡ್, ಆಲಿವ್ ಎಣ್ಣೆ, ಇಷ್ಟರಲ್ಲೇ ಮಾಡಿದ್ದು.

ಜೆನೋವಾಕ್ಕೆ ಬಂದ ದಿನ ಸಂಜೆ ನಾನೇ ನಿಮಗೆ ಫರಿನಾತಾ ತಿನ್ನಿಸುತ್ತೇನೆ. ಕಾಬೂಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಬೇರೇನೂ ಇಲ್ಲ. ಹಿಟ್ಟಿನ ಮೂರರಷ್ಟು ನೀರು ಹಾಕಿ ತೆಳ್ಳಗೆ ಕಲಸಿ ಗಂಟೆಗಟ್ಟಲೆ ಬಿಡುತ್ತಾರೆ, ಮೇಲೆ ಬಂದ ನೊರೆ ತೆಗೆಯುತ್ತಾರೆ. ಆಮೇಲೆ ಮದುವೆ ಮನೆಯ ಕೊಳಗದ ಮುಚ್ಚಳದಷ್ಟು ಅಗಲದ ತಾಮ್ರದ ತಟ್ಟೆಗೆ ಹೊಯ್ದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಹೊರಗೆ ಬಂದಾಗ ಮೇಲೆಲ್ಲಾ ಕಂದು ಚುಕ್ಕೆ, ಅಂಚು ಗರಿಗರಿ, ಒಳಗೆ ಮಾತ್ರ ಮೆತ್ತಗೆ. ಚಾಕುವಿನಲ್ಲಿ ತುಂಡು ಮಾಡಿ ಕಾಗದದ ಮೇಲೆ ಹಾಕಿ ಕೊಡುತ್ತಾರೆ. ಮೇಲೆ ಕರಿಮೆಣಸಿನ ಪುಡಿ ನೀವೇ ಉದುರಿಸಿಕೊಳ್ಳಿ. ಅಂಚಿನ ತುಂಡು ಕೇಳಿ ಇಸ್ಕೊಳ್ಳಿ. ಆರಿದ ಮೇಲೆ ಮಾತ್ರ ಅದು ರಬ್ಬರ್, ಅಲ್ಲೇ ನಿಂತು ತಿಂದುಬಿಡಬೇಕು. ವಾಲುವ ಗೋಪುರ ನೋಡಲು ಪೀಸಾಕ್ಕೆ ಹೋಗ್ತೀರಲ್ವಾ, ಅಲ್ಲಿ ಇದನ್ನೇ ಚೆಚಿನಾ ಅನ್ನುತ್ತಾರೆ, ಫೊಕಾಚಾ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಫೊಕಾಚಾ ಜೆನೋವಾದ್ದೇ. ಇಲ್ಲಿನವರು ಬೆಳಿಗ್ಗೆ ಅದನ್ನು ಕ್ಯಾಪುಚಿನೊದಲ್ಲಿ ಅದ್ದಿ ತಿನ್ನುತ್ತಾರೆ. ಉಪ್ಪು, ಎಣ್ಣೆ, ಹಾಲು ಎಲ್ಲಾ ಒಟ್ಟಿಗೆ. ನನಗೆ ಇವತ್ತಿಗೂ ಒಗ್ಗಿಲ್ಲ, ಚಿಕ್ಕಪ್ಪ ಟ್ರೈ ಮಾಡಲಿ.

ಪೆಸ್ತೊ ಬಗ್ಗೆ ಸ್ವಲ್ಪ ಬೇಜಾರಿನ ಸುದ್ದಿ ಇದೆ. ಇಲ್ಲಿನ ತುಳಸಿ ಜಾತಿಯ ಬೇಸಿಲ್, ಪೈನ್ ಬೀಜ, ಬೆಳ್ಳುಳ್ಳಿ, ಎಣ್ಣೆ, ಕಲ್ಲುಪ್ಪು ಹಾಕಿ ಅಮೃತಶಿಲೆಯ ಒರಳಲ್ಲಿ ಅರೆಯುತ್ತಾರೆ. ಹುರುಳಿಕಾಯಿ, ಆಲೂಗಡ್ಡೆ ಜೊತೆ ತ್ರೋಫಿಯೆ ಅನ್ನುವ ಪಾಸ್ತಾಗೆ ಕಲಸಿ ಕೊಡುತ್ತಾರೆ. ಆದರೆ ಅದರಲ್ಲಿ ಪಾರ್ಮಿಜಾನೊ ಚೀಸ್ ಇರುತ್ತದೆ. ಆ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಬೇರೆ ರೆನೆಟ್ ಹಾಕಿದರೆ ಆ ಹೆಸರಲ್ಲಿ ಮಾರುವ ಹಾಗೇ ಇಲ್ಲ. ರೋಮ್‌ನ ಪೆಕೊರಿನೊ ಚೀಸಿಗೆ ಕುರಿಮರಿಯ ರೆನೆಟ್. ತಿಂದ ಮೇಲೆ ಗೊತ್ತಾಗಿ ಮನಸ್ಸು ಕೆಡೋದು ಬೇಡ ಅಂತ ಈಗಲೇ ಹೇಳುತ್ತಿದ್ದೇನೆ. ತಿನ್ನೋದು ಬಿಡೋದು ನಿಮಗೆ ಬಿಟ್ಟಿದ್ದು. ಬೇಡ ಅನಿಸಿದರೆ ಆರ್ಡರ್ ಮಾಡುವಾಗಲೇ "ಸೆನ್ಸಾ ಫೊರ್ಮಾಜ್ಜೊ" ಅನ್ನಿ, ಚೀಸ್ ಬೇಡ ಅಂತ. ಪೆಸ್ತೊಗೆ ಮಾತ್ರ ಅದು ನಡೆಯೋದಿಲ್ಲ, ಮೊದಲೇ ಅರೆದಿಟ್ಟಿರುತ್ತಾರೆ.

ನಾನು ಬಂದ ಹೊಸತರಲ್ಲಿ ಮಿಲಾನಿನ ಒಂದು ಹೋಟೆಲ್‌ನಲ್ಲಿ ಕೇಸರಿ ಹಾಕಿದ ರಿಸೊತ್ತೊ ಹೇಳಿದ್ದೆ. ಮಾಂಸ ಇದೆಯಾ ಅಂತ ಕೇಳಿದೆ, ಇಲ್ಲ ಅಂದರು. ನೋಡೋಕೆ ನಮ್ಮ ಕೇಸರಿ ಅನ್ನದ ಹಾಗೇ ಇತ್ತು, ಅರ್ಧ ತಟ್ಟೆ ಖಾಲಿ ಮಾಡಿದ್ದೆ. ಆಮೇಲೆ ಪಕ್ಕದಲ್ಲಿದ್ದ ಸ್ನೇಹಿತೆ ಹೇಳಿದಳು, ಹಳೇ ಕ್ರಮದಲ್ಲಿ ಅದಕ್ಕೆ ದನದ ಮೂಳೆಯ ಮಜ್ಜೆ ಹಾಕುತ್ತಾರೆ, ಬೇಯಿಸೋದು ಮಾಂಸದ ಸಾರಿನಲ್ಲಿ ಅಂತ. ಹೋಟೆಲಿನವನು ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಮಾಂಸ ಅಂದರೆ ಕಣ್ಣಿಗೆ ಕಾಣುವ ತುಂಡು. ಅದಕ್ಕೇ ನೀವು "ಬ್ರೋದೊ ವೆಜೆತಾಲೆ?" ಅಂತ ಕೇಳಿ, ತರಕಾರಿ ಸಾರಾ ಅಂತ. ಮೀನಿಗೂ ಹೀಗೇ. ಅಚ್ಚೂಗೆ ಅಂತ ಸಣ್ಣ ಮೀನು ಸಾಸ್‌ನಲ್ಲಿ ಕರಗಿ ಹೋಗಿರುತ್ತದೆ. ಮೊಟ್ಟೆ ಬೇಡದಿದ್ದರೆ ಒಣ ಪಾಸ್ತಾ ಕೇಳಿ, ಅದು ಸಾಮಾನ್ಯವಾಗಿ ಬರೀ ಗೋಧಿ ರವೆ, ನೀರು.

ಫ್ಲಾರೆನ್ಸ್ ಸುಲಭ. ಪಪ್ಪಾ ಅಲ್ ಪೊಮೊದೋರೊ ಅಂತ ಹಳೇ ಬ್ರೆಡ್ಡು, ಟೊಮೆಟೊ ಕುದಿಸಿದ ಗಟ್ಟಿ ಸಾರು. ರಿಬೊಲ್ಲಿತಾ ಅಂದರೆ ಮತ್ತೆ ಕುದಿಸಿದ್ದು ಅಂತ, ಬಿಳಿ ಬೀನ್ಸ್, ಕಪ್ಪು ಕೋಸಿನ ಎಲೆ, ಬ್ರೆಡ್. ನಿನ್ನೆಯ ಹುಳಿ ಇವತ್ತು ಜಾಸ್ತಿ ರುಚಿ ಅಲ್ವಾ, ಅದೇ ಥರ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕೋದಿಲ್ಲ, ಮರೆತುಬಿಟ್ಟಿದ್ದಾರೆ ಅಂದುಕೊಳ್ಳಬೇಡಿ.

ರೋಮ್‌ಗೆ ನೀವು ಸರಿಯಾದ ತಿಂಗಳಲ್ಲೇ ಹೋಗುತ್ತಿದ್ದೀರಿ. ಮಾರ್ಚ್ ಅಂದರೆ ಆರ್ಟಿಚೋಕ್ ಕಾಲ, ಹೂಮೊಗ್ಗಿನ ಹಾಗಿರುವ ತರಕಾರಿ ಅದು. ಹಳೇ ಯಹೂದಿ ಕೇರಿಯಲ್ಲಿ ಅದನ್ನು ಇಡಿಯಾಗಿ ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ. ಎಸಳೆಲ್ಲ ಹೂವಿನ ಹಾಗೆ ಬಿಚ್ಚಿಕೊಂಡು ಹಪ್ಪಳದ ಹಾಗೆ ಮುರಿಯುತ್ತದೆ. ನೀರಿಗೆ ದುಡ್ಡು ಕೊಡಬೇಡಿ, ಬೀದಿಯಲ್ಲಿ ನಸೋನಿ ಅನ್ನುವ ನಲ್ಲಿಗಳಿವೆ, ಬಾಟಲಿ ಹಿಡಿಯಿರಿ.

ನೇಪಲ್ಸ್‌ಗೆ ಹೋಗಿ ಪಿಜ್ಜಾ ಬೇಡ ಅಂದರೆ ನಾನು ಕೇಳೋದಿಲ್ಲ. ಅಲ್ಲಿ ಪಿಜ್ಜಾ ಮಾಡುವ ಕಲೆಯನ್ನು 2017ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ನೀವು ಮರಿನಾರಾ ಹೇಳಿ. ಹೆಸರು ಕೇಳಿದರೆ ಮೀನು ಅನಿಸುತ್ತದೆ, ಇರೋದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಚೀಸೇ ಇಲ್ಲ. ಒಬ್ಬರಿಗೆ ಒಂದು ಇಡೀ ಪಿಜ್ಜಾ, ಕತ್ತರಿಸಿ ಕೊಡೋದಿಲ್ಲ. ಪೆಪೆರೋನಿ ಅಂತ ಬರೆದಿದ್ದರೆ ಹೆದರಬೇಡಿ, ಇಲ್ಲಿ ಅದು ಮಾಂಸ ಅಲ್ಲ, ದಪ್ಪ ಮೆಣಸಿನಕಾಯಿ.

ಚಿಕ್ಕಪ್ಪನ ಕಾಫಿ ವಿಷಯ. ಬರೀ "ಕಫ್ಫೆ" ಅಂದರೆ ಎರಡು ಗುಟುಕಿನ ಕಹಿ ಡಿಕಾಕ್ಷನ್ ಬರುತ್ತದೆ. "ಲಾತ್ತೆ" ಅಂದರೆ ಒಂದು ಲೋಟ ಬರೀ ಹಾಲು ತಂದಿಡುತ್ತಾರೆ. "ಕಫ್ಫೆಲಾತ್ತೆ" ಅಂತ ಸೇರಿಸಿ ಹೇಳಲಿ. ನಿಂತು ಕುಡಿದರೆ ಅಗ್ಗ, ಕೂತರೆ ಬಹಳ ಕಡೆ ಬಿಲ್ ಏರುತ್ತದೆ. ವೈನ್ ಯಾರಿಗೆ ಬೇಕೋ ಅವರು ನನಗೆ ಬೇರೆ ಮೆಸೇಜ್ ಮಾಡಿ, ಅಜ್ಜಿ ಈ ಗ್ರೂಪಿನಲ್ಲಿದ್ದಾರೆ. ಉಳಿದವರಿಗೆ ಕಿನೊತ್ತೊ ಅಂತ ಕಪ್ಪು ಸೋಡಾ ಇದೆ. ಹೇರಳೆಕಾಯಿ ಸಿಪ್ಪೆ ಕಚ್ಚಿದ ಹಾಗೆ ಕಹಿ, ಆಮೇಲೆ ಸಿಹಿ. ಕೆಂಪು ಕಿತ್ತಳೆಯ ರಸವೂ ಆಗ ಸಿಗುತ್ತದೆ, "ಸ್ಪ್ರೆಮೂತಾ" ಅಂತ ಕೇಳಿ.

ಅವಲಕ್ಕಿ ಒಂದು ಕೆಜಿ ಸಾಕು, ರೈಲಿನಲ್ಲಿ ಹಸಿವಾದರೆ ಇರಲಿ. ತುಪ್ಪ, ಧಾರವಾಡ ಪೇಡಾ ಬ್ಯಾಗಿಗೆ ಹಾಕಬೇಡಿ, ಹಾಲಿನ ಪದಾರ್ಥ ಹೊರಗಿನಿಂದ ತರುವ ಹಾಗಿಲ್ಲ, ಏರ್‌ಪೋರ್ಟ್‌ನಲ್ಲೇ ಕಿತ್ತುಕೊಳ್ಳುತ್ತಾರೆ. ಆ ಜಾಗದಲ್ಲಿ ನನಗೆ ಅಮ್ಮನ ಕೈಯಿಂದ ಮೆಂತ್ಯದ ಹಿಟ್ಟು ಇಸ್ಕೊಂಡು ಬನ್ನಿ. ಫ್ಲೈಟ್ ಟೈಮ್ ಇಲ್ಲೇ ಹಾಕಿ.