ಮಗಳು ವೀಣೆ ಬಿಟ್ಟು ಗಿಟಾರ್ ಕೇಳಿದರೆ: ಗ್ರೀನ್ ಡೇ ನೆಪದಲ್ಲಿ ಒಂದು ಉತ್ತರ

ನಿನ್ನೆ ಇಲ್ಲಿ ಬರೆದ ತಂಗಿಯ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಹದಿನಾಲ್ಕರ ಮಗಳು ವೀಣೆಯನ್ನು ಮೂಲೆಗಿಟ್ಟಿದ್ದಾಳೆ, ಎಲೆಕ್ಟ್ರಿಕ್ ಗಿಟಾರ್ ಬೇಕೆನ್ನುತ್ತಾಳೆ, ಗೋಡೆಯ ಮೇಲೆ ಗ್ರೀನ್ ಡೇ ಎಂಬ ಅಮೆರಿಕದ ಪಂಕ್ ರಾಕ್ ತಂಡದ ಚಿತ್ರ ಅಂಟಿಸಿದ್ದಾಳೆ, ಏನು ಮಾಡಲಿ ಎಂಬುದು ಪ್ರಶ್ನೆ. ಅರ್ಧ ಜನ "ವಯಸ್ಸು, ತಾನಾಗಿ ಸರಿಹೋಗುತ್ತದೆ" ಎಂದಿದ್ದಾರೆ, ಉಳಿದವರು "ಈಗಲೇ ಲಗಾಮು ಬಿಗಿ ಮಾಡಿ" ಎಂದಿದ್ದಾರೆ. ಸರಿಹೋಗಲು ಅದೇನು ನೆಗಡಿಯೇ? ನಾಲ್ಕು ವರ್ಷಗಳ ಹಿಂದೆ ನನ್ನ ಮಗ ಮೃದಂಗ ಬಿಟ್ಟು ಬೇಸ್ ಗಿಟಾರ್ ಹಿಡಿದಾಗ ನಾನೂ ಹಾರಾಡಿದವನೇ. ಕೂಗಾಟದಿಂದ ಏನೂ ಆಗದಿದ್ದಾಗ, ಎದುರಾಳಿಯ ಬಲಾಬಲ ತಿಳಿಯೋಣವೆಂದು ಇದೇ ಗ್ರೀನ್ ಡೇ ತಂಡದ ಚರಿತ್ರೆ ಓದಲು ಕೂತೆ.

ಮೊದಲು ತಿಳಿದದ್ದು, ಇವರು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ನೆರೆಹೊರೆಯವರೇ. ಸ್ಯಾಕ್ರಮೆಂಟೊ ಕಡೆಗೆ 80ನೇ ಹೆದ್ದಾರಿಯಲ್ಲಿ ಹೋಗುವಾಗ ತೈಲ ಶುದ್ಧೀಕರಣ ಘಟಕದ ಟ್ಯಾಂಕುಗಳು ಕಾಣುತ್ತವಲ್ಲ, ಅದು ರೋಡಿಯೊ. ತಂಡದ ಗಾಯಕ, ಗಿಟಾರ್ ವಾದಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಬೆಳೆದದ್ದು ಅಲ್ಲಿ, ಆರು ಮಕ್ಕಳಲ್ಲಿ ಕಡೆಯವನಾಗಿ. ಅಪ್ಪ ಲಾರಿ ಓಡಿಸುತ್ತಿದ್ದರು, ಜಾಝ್ ನುಡಿಸುತ್ತಿದ್ದರು. 1982ರ ಸೆಪ್ಟೆಂಬರ್‌ನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ಬೇಸ್ ನುಡಿಸುವ ಮೈಕ್ ಡರ್ಂಟ್ ಅದೇ ವಯಸ್ಸಿನಲ್ಲಿ ಸಿಕ್ಕ ಶಾಲೆಯ ಗೆಳೆಯ. ಬಿಲ್ಲಿ ಜೋ ಅವರ ತಾಯಿ ವಲ್ಲೆಹೋ ಊರಿನ ಹೋಟೆಲೊಂದರಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. 1987ರಲ್ಲಿ ಈ ಹುಡುಗರ ಮೊದಲ ಕಾರ್ಯಕ್ರಮ ನಡೆದದ್ದು ಆ ಹೋಟೆಲಿನಲ್ಲೇ. ಆಗ ತಂಡದ ಹೆಸರು ಸ್ವೀಟ್ ಚಿಲ್ಡ್ರನ್, ಅಂದರೆ ಮುದ್ದು ಮಕ್ಕಳು!

1990ರಲ್ಲಿ ಡ್ರಮ್ ನುಡಿಸಲು ಟ್ರೇ ಕೂಲ್ ಬಂದ. ಅವನ ಅಪ್ಪನಿಗೆ ಲಾರಿ ವ್ಯವಹಾರ. ಆ ಮನುಷ್ಯ ಸಂಚಾರಿ ಗ್ರಂಥಾಲಯದ ಹಳೆಯ ಬಸ್ಸೊಂದನ್ನು ಸಜ್ಜುಗೊಳಿಸಿ, ತಾನೇ ಚಾಲಕನಾಗಿ ಹುಡುಗರನ್ನು ಊರೂರು ಸುತ್ತಿಸಿದ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮನೆಮಠ ಬಿಟ್ಟು ಹೋದ ಪುಂಡರ ಕಥೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಒಬ್ಬ ಅಪ್ಪ ಸ್ಟಿಯರಿಂಗ್ ಹಿಡಿದು ಕೂತಿದ್ದಾನೆ.

ಇನ್ನು ಬರ್ಕ್‌ಲಿಯ 924 ಗಿಲ್ಮನ್ ಎಂಬ ಪಂಕ್ ಸಂಗೀತದ ಕ್ಲಬ್. ತಂಡ ಪಳಗಿದ್ದು ಅಲ್ಲಿ. 1986ರ ಕೊನೆಯ ರಾತ್ರಿ ತೆರೆದ ಈ ಜಾಗವನ್ನು ಸ್ವಯಂಸೇವಕರೇ ನಡೆಸುತ್ತಾರೆ. ಎಲ್ಲ ವಯಸ್ಸಿನವರಿಗೂ ಪ್ರವೇಶವಿದೆ. ಮದ್ಯವಿಲ್ಲ, ಮಾದಕ ವಸ್ತುವಿಲ್ಲ, ಹೊಡೆದಾಟವಿಲ್ಲ, ಬಣ್ಣದ ಅಥವಾ ಲಿಂಗದ ಹೆಸರಿನಲ್ಲಿ ಯಾರನ್ನೂ ಹೀಯಾಳಿಸುವಂತಿಲ್ಲ. ಈ ನಿಯಮಗಳನ್ನು ಕಾಣುವಂತೆ ಬರೆದು ಹಾಕಿದ್ದಾರೆ. ಮಗನನ್ನು ಮೊದಲ ಸಲ ಕರೆದೊಯ್ದಾಗ ನಾನು ಎದುರು ಬದಿಯಲ್ಲಿ ಕಾರು ನಿಲ್ಲಿಸಿ, ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕಾವಲು ಕಾದೆ. ಕೊನೆಗೆ ನಾಚಿಕೆಯಾಗಿ ಒಳಗೆ ಹೋದೆ. ಗೋಡೆಯಲ್ಲಿ ಗೀಚದೆ ಬಿಟ್ಟ ಒಂದು ಅಂಗುಲ ಜಾಗ ಕಾಣಲಿಲ್ಲ. ಸದ್ದಿಗೆ ಪಕ್ಕೆಲುಬು ಅದುರುತ್ತಿತ್ತು. ನೂಕುನುಗ್ಗಲಿನಲ್ಲಿ ಒಬ್ಬ ಹುಡುಗಿ ಮುಗ್ಗರಿಸಿದಳು. ನಾನು "ಅಯ್ಯೋ" ಎನ್ನುವಷ್ಟರಲ್ಲಿ ನಾಲ್ಕು ಕೈಗಳು ಅವಳನ್ನು ಎತ್ತಿ ನಿಲ್ಲಿಸಿದ್ದವು.

ಆ ಜಾಗದಲ್ಲಿ ಆಗ ಇನ್ನೊಂದು ಕಟ್ಟಳೆಯಿತ್ತು: ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ತಂಡಕ್ಕೆ ವೇದಿಕೆಯಿಲ್ಲ. 1993ರಲ್ಲಿ ಗ್ರೀನ್ ಡೇ ರಿಪ್ರೈಸ್ ಕಂಪನಿಗೆ ಸಹಿ ಹಾಕಿತು, ತವರುಮನೆಯ ಬಾಗಿಲು ಮುಚ್ಚಿತು. ಮರುವರ್ಷ ಬಂದ ಡೂಕಿ ಆಲ್ಬಂ ಅಮೆರಿಕದಲ್ಲೇ ಒಂದು ಕೋಟಿಗೂ ಮೀರಿ ಮಾರಾಟವಾಯಿತು. (ಡೂಕಿ ಎಂದರೇನು ಎಂದು ನನ್ನ ತಾಯಿ ಊರಿನಿಂದ ಫೋನಿನಲ್ಲಿ ಕೇಳಿದರು. ಮಕ್ಕಳ ಮಾತಿನಲ್ಲಿ ಕಕ್ಕ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.) ಮೂವರೂ 2015ರ ಏಪ್ರಿಲ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು. ಮುಂದಿನ ತಿಂಗಳೇ ಗಿಲ್ಮನ್‌ಗೆ ಮರಳಿ, ಬೆಂಕಿಗೆ ಸಿಕ್ಕು ನಷ್ಟ ಅನುಭವಿಸಿದ ಒಂದು ಪ್ರಕಾಶನದವರ ಸಹಾಯಾರ್ಥ ನುಡಿಸಿದರು.

ನಡುವೆ ಏಳುಬೀಳು ಬೇಕಾದಷ್ಟಿವೆ. ನನಗೆ ಉಪಯೋಗಕ್ಕೆ ಬಂದದ್ದು ಒಂದು: 2003ರಲ್ಲಿ ಹೊಸ ಆಲ್ಬಮ್ಮಿನ ಮೂಲ ಧ್ವನಿಮುದ್ರಿಕೆಗಳು ಕಳುವಾದವು. ಅದನ್ನೇ ಮತ್ತೆ ನುಡಿಸುವ ಬದಲು ಹೊಸದಾಗಿ ಬರೆಯಲು ಕೂತರು. 2004ರ ಅಮೆರಿಕನ್ ಈಡಿಯಟ್ ಹುಟ್ಟಿದ್ದು ಹಾಗೆ, 2010ರಲ್ಲಿ ಅದು ನಾಟಕವಾಗಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೂ ಏರಿತು. ಮಗನ ವಿಜ್ಞಾನದ ಪ್ರಾಜೆಕ್ಟ್ ಲ್ಯಾಪ್‌ಟಾಪಿನಿಂದ ಅಳಿಸಿಹೋದ ರಾತ್ರಿ ನನ್ನ ಉಪದೇಶಕ್ಕಿಂತ ಈ ಕಥೆಯೇ ಕೆಲಸ ಮಾಡಿತು.

ಮುಚ್ಚಿಡಬಾರದ ಸಂಗತಿಗಳೂ ಇವೆ. ತಂಡದ ಹೆಸರು ಗಾಂಜಾ ಸೇದುತ್ತ ಕಳೆದ ದಿನವನ್ನು ಸೂಚಿಸುತ್ತದೆ. ಹಾಡುಗಳಲ್ಲಿ ಬೈಗುಳ ಧಾರಾಳ. 2012ರಲ್ಲಿ ಬಿಲ್ಲಿ ಜೋ ವೇದಿಕೆಯ ಮೇಲೆ ರೇಗಾಡಿ, ಗಿಟಾರ್ ಒಡೆದು, ವ್ಯಸನ ಬಿಡಿಸುವ ಚಿಕಿತ್ಸೆಗೆ ಸೇರಿದರು. ಹದಿನೆಂಟು ತುಂಬುವ ಮುನ್ನಾದಿನ ಅವರು ಶಾಲೆ ಬಿಟ್ಟದ್ದೂ ನಿಜ. ಮೈಕ್ ಮಾತ್ರ ಶಾಲೆ ಮುಗಿಸಿದರು. ಮೊದಲನೆಯದನ್ನು ನನಗೆ ಹೇಳಿದವನು ಮಗ, ಎರಡನೆಯದನ್ನು ಹುಡುಕಿ ಅವನಿಗೆ ಹೇಳಿದವನು ನಾನು.

ತಂಗೀ, ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಡೂಕಿಯಲ್ಲಿ ಬಾಸ್ಕೆಟ್ ಕೇಸ್ ಎಂಬ ಹಾಡಿದೆ. ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳುವುದು, ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂಬ ದಿಗಿಲು ಬಿಲ್ಲಿ ಜೋ ಅವರನ್ನು ಕಾಡುತ್ತಿತ್ತು. ಅದು ಪ್ಯಾನಿಕ್ ಕಾಯಿಲೆ ಎಂದು ಅವರಿಗೆ ಗೊತ್ತಾದದ್ದು ಎಷ್ಟೋ ತಡವಾಗಿ. ಹೆಸರು ತಿಳಿಯದ ಆ ಸಂಕಟವನ್ನೇ ಹಾಡಾಗಿಸಿದ್ದರು. ಒಂದು ಬೆಳಿಗ್ಗೆ ಗಣಿತ ಪರೀಕ್ಷೆಗೆ ಬಿಡಲು ಹೋಗುವಾಗ ಕಾರಿನಲ್ಲಿ ಈ ಹಾಡು ಬಂತು. ಸದ್ದು ಕಡಿಮೆ ಮಾಡಲು ಕೈ ಚಾಚಿದೆ. ಮಗ ಕಿಟಕಿಯಾಚೆ ನೋಡುತ್ತ, "ಅಪ್ಪಾ, ನನಗೂ ಹೀಗೇ ಆಗುತ್ತದೆ" ಎಂದ. ಎಷ್ಟು ದಿನದಿಂದ ಎಂದು ಕೇಳಿದೆ. ಎಂಟನೇ ತರಗತಿಯಿಂದ ಎಂದ. ಎರಡು ವರ್ಷ, ಅದೇ ಮನೆ, ಅದೇ ಊಟದ ಮೇಜು! ಆ ದಿನ ಪರೀಕ್ಷೆ ತಪ್ಪಿತು, ಮುಂದಿನ ವಾರ ವೈದ್ಯರನ್ನು ಕಂಡೆವು. ಈಗ ಪರವಾಗಿಲ್ಲ.

ಹಾಗಾಗಿ ಗಿಟಾರ್ ಕೊಡಿಸಿ, ಆದರೆ ಹೊಸದು ಬೇಡ, ಹಳೆಯದು ಬೇಕಾದಷ್ಟು ಸಿಗುತ್ತದೆ. ಕಾರ್ಯಕ್ರಮಕ್ಕೆ ಕೇಳಿದರೆ ನೀವೂ ಹೋಗಿ, ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ. ಯಜಮಾನರಿಗೆ ಸದ್ದಿನದೇ ಚಿಂತೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಚಿಕ್ಕದೊಂದು ಆಂಪ್ಲಿಫೈಯರ್ ಸುಮ್ಮನೆ ಬಿದ್ದಿದೆ. ಗುಂಡಿಯೊಂದು ಕಿತ್ತುಹೋಗಿದೆ, ಹೆಡ್‌ಫೋನ್ ಸಿಕ್ಕಿಸುವ ಜಾಗ ಮಾತ್ರ ಸರಿಯಿದೆ. ಭಾನುವಾರ ಕನ್ನಡ ತರಗತಿಗೆ ಬರುವಾಗ ತರುತ್ತೇನೆ, ಕಾರಿನಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡು ಬನ್ನಿ.