ಕೆರೆ ಹೆಪ್ಪುಗಟ್ಟಿದೆ, ಜನ ನಡೀತಿದ್ದಾರೆ. ಮಗನ ಜೊತೆ ನಾವೂ ಇಳಿಯಬಹುದಾ?

ಹಾಸನದವಳು:

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಬೆಂಗಳೂರಿನಿಂದ ಮಿನ್ನಿಯಾಪೊಲಿಸ್‌ಗೆ ಬಂದೆವು. ಮನೆ ಬ್ದೆ ಮಕಾ ಸ್ಕಾ ಕೆರೆಯ ಹತ್ತಿರ. ಡಿಸೆಂಬರ್ ಶುರುವಾದ ಮೇಲೆ ಕೆರೆ ಪೂರ್ತಿ ಬೆಳ್ಳಗಾಗಿದೆ. ನಿನ್ನೆ ಸಂಜೆ ನೋಡಿದರೆ ಯಾರೋ ನಾಲ್ಕೈದು ಜನ ಮಧ್ಯದಲ್ಲೇ ನಡೀತಿದ್ದರು, ಒಬ್ಬರ ಜೊತೆ ನಾಯಿಯೂ ಇತ್ತು. ಆರು ವರ್ಷದ ಮಗ ತಾನೂ ಹೋಗಬೇಕು ಅಂತ ಹಟ ಹಿಡಿದಿದ್ದಾನೆ. ಅಲ್ಲಿ ಗೇಟಿಲ್ಲ, ಕಾವಲಿನವರಿಲ್ಲ, ಬೋರ್ಡೂ ಕಾಣಲಿಲ್ಲ. ಇಳಿಯಬಹುದು ಅಂತ ಹೇಳುವವರು ಯಾರು? ಯಾವ ಆಫೀಸಿಗೆ ಫೋನ್ ಮಾಡಬೇಕು?

ಇನ್ನೊಂದು ವಿಷಯ. ಮುಂದಿನ ಬೇಸಿಗೆಗೆ ಒಂದು ಕಯಾಕ್ ತಗೊಳ್ಳೋಣ ಅಂತಿದ್ದೇವೆ. ಅದಕ್ಕೆ ಲೈಸೆನ್ಸ್ ಬೇಕಾ?

ತುಂಗೆ ದಡ:

ನಾನು ತೀರ್ಥಹಳ್ಳಿ ಕಡೆಯವನು. ಇಲ್ಲಿಗೆ ಬಂದು ತುಂಬಾ ವರ್ಷವಾಯಿತು. ಚಳಿಗಾಲದಲ್ಲಿ ಐಸ್ ಮೇಲೆ ಕೂತು ಮೀನು ಹಿಡಿಯುವುದು ಅಂದರೆ ನನಗೆ ಪ್ರಾಣ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲನೆಯದಾಗಿ, ಇಳಿಯಬಹುದು ಅಂತ ಯಾರೂ ಹೇಳುವುದಿಲ್ಲ. ಕೆರೆಗಳನ್ನು ನೋಡಿಕೊಳ್ಳುವ ಮಿನ್ನೆಸೋಟಾ ರಾಜ್ಯದ ಇಲಾಖೆ, ಅಂದರೆ ಡಿಎನ್‌ಆರ್, ಐಸ್ ಅಳೆದು ಒಪ್ಪಿಗೆ ಕೊಡುವುದಿಲ್ಲ. ಎಷ್ಟು ದಪ್ಪ ಇದ್ದರೆ ಏನು ಮಾಡಬಹುದು ಅಂತ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಅಳೆಯುವುದು ನಮ್ಮ ಕೆಲಸ. ಬೋರ್ಡ್ ಇಲ್ಲ ಅಂದರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ.

ಆ ಅಂದಾಜು ಹೀಗಿದೆ: ನಡೆಯಲು ಕನಿಷ್ಠ 4 ಇಂಚು. ಹಿಮದ ಮೇಲೆ ಓಡಿಸುವ ಬೈಕಿನಂಥ ಗಾಡಿ ಸ್ನೋಮೊಬೈಲ್‌ಗೆ 5ರಿಂದ 7. ಸಣ್ಣ ಕಾರಿಗೆ 9ರಿಂದ 10. ಇದು ಹೊಸದಾಗಿ ಕಟ್ಟಿದ, ಗಟ್ಟಿಯಾದ, ಕನ್ನಡಿಯಂಥ ಐಸ್‌ಗೆ ಮಾತ್ರ. ಅದರೊಳಗೆ ಕೆಳಗಿನ ಕಪ್ಪು ನೀರು ಕಾಣುತ್ತದೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್ ಆದರೆ ಎರಡರಷ್ಟು ದಪ್ಪ ಬೇಕು. ನೀವು "ಬೆಳ್ಳಗಾಗಿದೆ" ಅಂದಿರಲ್ಲ, ಅಲ್ಲೇ ನನಗೆ ಚಿಂತೆ. ಮೇಲೆ ಬಿದ್ದ ಹಿಮ ಕೆಳಗಿನ ಐಸ್‌ಗೆ ಕಂಬಳಿ ಹೊದಿಸಿದ ಹಾಗೆ. ಚಳಿಯನ್ನು ಒಳಗೆ ಬಿಡುವುದಿಲ್ಲ, ಐಸ್ ದಪ್ಪವಾಗುವುದು ನಿಧಾನವಾಗುತ್ತದೆ. ಜೊತೆಗೆ ಬಿರುಕು, ತೂತು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ನಾನು ಮಾಡುವುದು ಇದು. ಕೈಯಲ್ಲಿ ಸ್ಪಡ್ ಬಾರ್ ಇರುತ್ತದೆ. ತುದಿಯಲ್ಲಿ ಉಳಿ ಥರ ಇರುವ ಉದ್ದನೆಯ ಕಬ್ಬಿಣದ ಸಲಾಕೆ. ದಡದಿಂದಲೇ ಶುರು, ಮುಂದಿನ ಹೆಜ್ಜೆ ಬೀಳುವ ಜಾಗಕ್ಕೆ ಮೊದಲು ಸಲಾಕೆ ಜೋರಾಗಿ ಕುಕ್ಕುತ್ತೇನೆ. ಗಟ್ಟಿ ಐಸ್ ಟಣ್ ಅನ್ನುತ್ತದೆ. ಪೊಳ್ಳಾದದ್ದು ದಪ್ ಅನ್ನುತ್ತದೆ, ಇಲ್ಲವೇ ನೀರು ಉಕ್ಕುತ್ತದೆ. ನೀರು ಕಂಡರೆ ಬಂದ ದಾರಿಯಲ್ಲೇ ವಾಪಸ್. ಸ್ವಲ್ಪ ದೂರ ಹೋದ ಮೇಲೆ ಬೈರಿಗೆಯಲ್ಲಿ ತೂತು ಕೊರೆದು, ಟೇಪಿನ ಕೊಕ್ಕೆಯನ್ನು ಐಸ್‌ನ ಕೆಳ ಅಂಚಿಗೆ ಸಿಕ್ಕಿಸಿ ಅಳೆಯುತ್ತೇನೆ. 150 ಅಡಿಗೊಮ್ಮೆಯಾದರೂ ಅಳೆಯಿರಿ ಅನ್ನುತ್ತಾರೆ. ಯಾಕೆಂದರೆ ಒಂದೇ ಕೆರೆಯಲ್ಲಿ ಇಲ್ಲಿ 6 ಇಂಚು, ಆಚೆ 2 ಇಂಚು ಇರಬಹುದು. ಸೇತುವೆ ಕೆಳಗೆ, ಕಾಲುವೆ ಸೇರುವ ಕಡೆ, ಬುಗ್ಗೆ ಇರುವ ಕಡೆ ನೀರು ಹರಿಯುತ್ತಲೇ ಇರುತ್ತದೆ, ಐಸ್ ತೆಳ್ಳಗೆ. ನಿಮ್ಮ ಕೆರೆಯಿಂದ ಲೇಕ್ ಆಫ್ ದಿ ಐಲ್ಸ್‌ಗೆ ಹೋಗುವ ಕಾಲುವೆಯ ಹತ್ತಿರ ಸುಳಿಯಲೇಬೇಡಿ.

ಬೇರೆಯವರು ನಡೀತಿದ್ದಾರೆ ಅಂತ ಹೋಗಬೇಡಿ. 2023ರ ಡಿಸೆಂಬರ್ ಕೊನೆಯಲ್ಲಿ ನಮ್ಮ ರಾಜ್ಯದ ಉತ್ತರದಲ್ಲಿರುವ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸ್‌ನ ದೊಡ್ಡ ಹಾಳೆಯೇ ಕಿತ್ತುಕೊಂಡು ತೇಲಿಹೋಯಿತು. ಮೇಲೆ ನೂರಕ್ಕೂ ಜಾಸ್ತಿ ಮೀನುಗಾರರಿದ್ದರು. ಎಲ್ಲರನ್ನೂ ದಡಕ್ಕೆ ತಂದರು, ಪುಣ್ಯ. ಅವರಲ್ಲಿ ಬಹಳಷ್ಟು ಜನ ಇಲ್ಲಿಯ ಚಳಿ ಗೊತ್ತಿದ್ದವರೇ. ಅದರ ಹಿಂದಿನ ವರ್ಷ ಕ್ರಿಸ್‌ಮಸ್ ಮರುದಿನ ಅರಿಜೋನಾದ ವುಡ್ಸ್ ಕ್ಯಾನ್ಯನ್ ಲೇಕ್‌ನಲ್ಲಿ ಐಸ್ ಒಡೆದು ನಮ್ಮ ದೇಶದ ಮೂವರು ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಹೊಸದಾಗಿ ಬಂದ ಕನ್ನಡದವರು ಯಾರು ಸಿಕ್ಕರೂ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಇಷ್ಟಾಗಿಯೂ ಹೋಗುವುದಾದರೆ ಒಬ್ಬರೇ ಹೋಗಬೇಡಿ. ಜಾಕೆಟ್ ಮೇಲೆ ಲೈಫ್ ಜಾಕೆಟ್ ಹಾಕಿ. ಕೊರಳಿಗೆ ಐಸ್ ಪಿಕ್ ನೇತುಹಾಕಿಕೊಳ್ಳಿ. ಎರಡು ಹಿಡಿ, ತುದಿಯಲ್ಲಿ ಮೊಳೆ, ನಡುವೆ ಹಗ್ಗ, ಅಂಗಡಿಯಲ್ಲಿ ತುಂಬಾ ಅಗ್ಗ. ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರುವುದೇ ಕೆಲಸ, ಎದೆ ತಾನಾಗೇ ಏದುಸಿರು ಬಿಡುತ್ತದೆ. ಆಮೇಲೆ ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಬಂದ ದಿಕ್ಕಿಗೇ ತಿರುಗಿ. ಆ ಕಡೆಯ ಐಸ್ ನಿಮ್ಮನ್ನು ಅಲ್ಲಿಯವರೆಗೆ ಹೊತ್ತಿತ್ತಲ್ಲ. ಪಿಕ್ ಚುಚ್ಚಿ, ಕಾಲು ಬಡಿಯುತ್ತಾ ಹೊಟ್ಟೆ ಮೇಲೆ ಜಾರಿ ಮೇಲೆ ಬನ್ನಿ. ಎದ್ದು ನಿಲ್ಲಬೇಡಿ, ಉರುಳಿಕೊಂಡೇ ದೂರ ಹೋಗಿ.

ವೈಜಾಟದಿಂದ:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಕಯಾಕ್ ವಿಷಯ ನಾನು ಹೇಳುತ್ತೇನೆ. ನಾವು ಮಿನ್ನೆಟೊಂಕಾ ಕೆರೆಯಲ್ಲಿ ಪ್ರತಿ ಬೇಸಿಗೆ ಹುಟ್ಟು ಹಾಕುತ್ತೇವೆ.

ಹುಟ್ಟು ಹಾಕುವವರಿಗೆ ಲೈಸೆನ್ಸ್ ಬೇಡ. ಆದರೆ ಕಯಾಕ್ 10 ಅಡಿಗಿಂತ ಉದ್ದ ಇದ್ದರೆ ಅದನ್ನು ರಿಜಿಸ್ಟರ್ ಮಾಡಿಸಬೇಕು, ಮೂರು ವರ್ಷಕ್ಕೊಮ್ಮೆ. ಪ್ರತಿಯೊಬ್ಬರಿಗೂ ಅಳತೆಗೆ ಸರಿಹೋಗುವ ಲೈಫ್ ಜಾಕೆಟ್ ದೋಣಿಯಲ್ಲಿರಬೇಕು. 10 ವರ್ಷದೊಳಗಿನ ಮಕ್ಕಳು ದೋಣಿ ಸಾಗುವಾಗ ಹಾಕಿಕೊಂಡೇ ಇರಬೇಕು, ಅದು ಕಾನೂನು. ದೊಡ್ಡವರು ಸೀಟಿನ ಕೆಳಗೆ ತುರುಕಿ ಕೂರುತ್ತಾರೆ. ದಯವಿಟ್ಟು ನೀವೂ ಹಾಕಿಕೊಳ್ಳಿ. ಮಗುಚಿದ ಮೇಲೆ ನೀರಿನಲ್ಲಿ ಅದರ ಬಕಲ್ ಹಾಕುವುದು ಆಗದ ಕೆಲಸ.

ಮೋಟರ್ ಬೋಟ್ ಓಡಿಸುವವರಿಗೆ 2025ರ ಜುಲೈನಿಂದ ಹೊಸ ನಿಯಮ ಬಂದಿದೆ. ಮೊದಲು ಚಿಕ್ಕ ವಯಸ್ಸಿನವರಿಂದ ಶುರು ಮಾಡಿ, ಹಂತ ಹಂತವಾಗಿ ಇನ್ನಷ್ಟು ಜನ ಕೋರ್ಸ್ ಮಾಡಿ ಪರ್ಮಿಟ್ ತಗೋಬೇಕು. ಯಾವ ದೋಣಿಯೇ ಆದರೂ ಮನೆಗೆ ಹೊರಡುವಾಗ ಅದರ ನೀರು ಖಾಲಿ ಮಾಡಿ, ಅಂಟಿದ ಜೊಂಡು ಕಿತ್ತು ಹೋಗಬೇಕು. ಜೀಬ್ರಾ ಮಸ್ಸೆಲ್ ಅನ್ನುವ ಚಿಪ್ಪು ಹುಳ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದು ಹೀಗೇ. ಮಿನ್ನೆಟೊಂಕಾಕ್ಕೆ 2010ರಲ್ಲಿ ಬಂತು, ಇನ್ನೂ ಹೋಗಿಲ್ಲ.

ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಐಸ್ ಕರಗಿದ ಕೂಡಲೇ ಇಳಿಯಬೇಡಿ. ಬಿಸಿಲು ಚೆನ್ನಾಗಿರುತ್ತದೆ, ಜನ ಟೀ ಶರ್ಟಿನಲ್ಲಿ ಓಡಾಡುತ್ತಾರೆ, ನೀರು ಮಾತ್ರ ಜೀವ ತೆಗೆಯುವಷ್ಟು ತಣ್ಣಗಿರುತ್ತದೆ. ಜೂನ್‌ವರೆಗೆ ಕಾಯಿರಿ.

ಹಾಸನದವಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾಳೆ ಇಳಿಯುವುದಿಲ್ಲ. ಎರಡೇ ಪ್ರಶ್ನೆ. ಜನವರಿಯಲ್ಲಿ ಪಕ್ಕದ ಲೇಕ್ ಹ್ಯಾರಿಯೆಟ್ ಮೇಲೆ ಏನೋ ಕಲಾ ಮೇಳ ಮಾಡುತ್ತಾರಂತೆ, ಅಲ್ಲಿಗೆ ಮಗನನ್ನು ಕರ್ಕೊಂಡು ಹೋಗಬಹುದಾ? ಮತ್ತೆ ಪಕ್ಕದ ಮನೆಯವರ ನಾಯಿ ಅವನ ಹಿಂದೆಯೇ ಇರುತ್ತದೆ. ಅದು ಐಸ್ ಮೇಲೆ ಓಡಿದರೆ?

ತುಂಗೆ ದಡ:

ಆರ್ಟ್ ಶ್ಯಾಂಟಿ ಮೇಳಕ್ಕೆ ಖಂಡಿತ ಹೋಗಿ, ಮಕ್ಕಳಿಗೆ ಹಬ್ಬ. ಅವರು ಐಸ್ ನೋಡಿಕೊಂಡೇ ನಡೆಸುತ್ತಾರೆ. 2024ರಲ್ಲಿ ಚಳಿ ಸಾಲದೆ ಮೊದಲ ವಾರಾಂತ್ಯಕ್ಕೇ ನಿಲ್ಲಿಸಿಬಿಟ್ಟರು. ಹಾಗಾಗಿ ಹೊರಡುವ ಮುಂಚೆ ಅವತ್ತು ಇದೆಯಾ ಅಂತ ನೋಡಿಕೊಳ್ಳಿ. ಹೋದಾಗ ಅವರು ಗುರುತು ಮಾಡಿದ ಜಾಗ ಬಿಟ್ಟು ಆಚೆ ಹೋಗಬೇಡಿ.

ನಾಯಿಗೆ ದಡದಲ್ಲೇ ಹಗ್ಗ ಹಾಕಿ. ಅದು ತಪ್ಪಿಸಿಕೊಂಡು ಹೋಗಿ ಬಿದ್ದರೆ ಹಿಂದೆ ಹೋಗಬೇಡಿ, 911ಕ್ಕೆ ಫೋನ್ ಮಾಡಿ. ನಾಯಿಯನ್ನೇ ಹೊರದ ಐಸ್ ಮನುಷ್ಯನನ್ನು ಹೊರುವುದಿಲ್ಲ. ಇದನ್ನು ಮಗನಿಗೆ ಈಗಲೇ ಹೇಳಿಡಿ, ಇಲ್ಲದಿದ್ದರೆ ಅವನೇ ಮೊದಲು ಓಡುತ್ತಾನೆ. ಮನುಷ್ಯರು ಬಿದ್ದರೂ ಅಷ್ಟೇ. ದಡದಲ್ಲೇ ನಿಂತು ಹಗ್ಗ, ಕೋಲು, ಏಣಿ ಏನು ಸಿಕ್ಕರೆ ಅದನ್ನು ಚಾಚಿ, ಅಥವಾ ಎಸೆಯಿರಿ.

ಈ ಶನಿವಾರ ನಾನು ಆ ಕಡೆ ಬರುವವನಿದ್ದೇನೆ. ಬೈರಿಗೆ ಕಾರಲ್ಲೇ ಇರುತ್ತದೆ. ಬೇಕಾದರೆ ದಡದ ಹತ್ತಿರ ಒಂದು ತೂತು ಕೊರೆದು, ಹೇಗೆ ಅಳೆಯುವುದು ಅಂತ ನಿಮಗೂ ಮಗನಿಗೂ ತೋರಿಸುತ್ತೇನೆ. ಮೆಸೇಜ್ ಹಾಕಿ.